ಗುಂಡಿ ಯಾವ ಪಟ್ಟಿಯಲ್ಲಿ ಬರುತ್ತೆ?

ಬೆಂಗಳೂರು ಮೆಟ್ರೊ ದರ ಏರಿದ್ದು ನಿಮಗೆ ಗೊತ್ತೇ ಇದೆ. 2025ರ ಫೆಬ್ರವರಿಯಲ್ಲಿ 60 ರೂಪಾಯಿಯ ಗರಿಷ್ಠ ದರ 90ಕ್ಕೆ ಹೋಯಿತು. ಏರಿಸಿದ್ದು ಯಾರು ಅಂತ ಮಾತ್ರ ಇವತ್ತಿಗೂ ಬಗೆಹರಿದಿಲ್ಲ. ರಾಜ್ಯದವರು ಕೇಂದ್ರ ನೇಮಿಸಿದ ಸಮಿತಿ ಕಡೆ ಬೆರಳು ತೋರಿಸಿದರು. ಕೇಂದ್ರದ ಕಡೆಯವರು ರಾಜ್ಯದ ಕಡೆ ತೋರಿಸಿದರು. ಮೆಟ್ರೊ ನಿಗಮದಲ್ಲಿ ಇಬ್ಬರದೂ ಅರ್ಧರ್ಧ ಪಾಲು. ಹೊಸ ಮಾರ್ಗ ಉದ್ಘಾಟನೆಯ ದಿನ ಇಬ್ಬರಿಗೂ ಪೂರ್ತಿ ಪಾಲು ಬೇಕು, ದರ ಏರಿದ ದಿನ ಇಬ್ಬರದೂ ಸೊನ್ನೆ.

ಪರೀಕ್ಷೆ ಬರೆಯುವ ಮಕ್ಕಳೇ, ಒಕ್ಕೂಟ ವ್ಯವಸ್ಥೆ ಅಂದರೆ ಇದೇ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಕೇಂದ್ರ ಪಟ್ಟಿ, ರಾಜ್ಯ ಪಟ್ಟಿ, ಇಬ್ಬರೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿ ಅಂತ ಗೈಡಿನಲ್ಲಿ ಇರುತ್ತದೆ. ಬಾಯಿಪಾಠ ಮಾಡಿ, ಅಂಕ ಬರುತ್ತದೆ. ಅರ್ಥ ಆಗಬೇಕು ಅಂದರೆ ಪೀಣ್ಯಕ್ಕೆ ಬಂದು ಕತ್ತೆತ್ತಿ ನೋಡಿ. ಮೇಲ್ಸೇತುವೆ ಹೆದ್ದಾರಿ ಪ್ರಾಧಿಕಾರದ್ದು, ಅಂದರೆ ಕೇಂದ್ರ. ಪಕ್ಕದಲ್ಲಿ ಓಡುವ ಮೆಟ್ರೊ ಇಬ್ಬರದು. ಕೆಳಗೆ ಸೀಟಿ ಊದುತ್ತಿರುವ ಟ್ರಾಫಿಕ್ ಪೊಲೀಸಪ್ಪ ರಾಜ್ಯ ಪಟ್ಟಿಯವರು. ಅಡ್ಡರಸ್ತೆ ಪಾಲಿಕೆಯದು, ಅದನ್ನು ಅಗೆದು ಹೋದವರು ಯಾರೋ. ಗುಂಡಿಯೊಳಗೆ ಒಂದು ಸ್ಕೂಟರಿನ ಮುಂದಿನ ಚಕ್ರ.

ಗುಂಡಿ ಯಾವ ಪಟ್ಟಿಯಲ್ಲೂ ಇಲ್ಲ. 248ನೇ ವಿಧಿ ಪ್ರಕಾರ ಯಾವ ಪಟ್ಟಿಯಲ್ಲೂ ಇಲ್ಲದ ವಿಷಯ ಸಂಸತ್ತಿಗೆ ಸೇರಿದ್ದು. ಅದಕ್ಕೆ ಶೇಷಾಧಿಕಾರ ಅನ್ನುತ್ತಾರೆ. ಹಾಗಾದರೆ ಬೆಂಗಳೂರಿನ ಗುಂಡಿಗಳನ್ನೆಲ್ಲ ಸಂಸತ್ತೇ ಮುಚ್ಚಬೇಕು, ಅಲ್ವಾ? ಹೀಗೆ ಬರೆದರೆ ಮೇಷ್ಟ್ರು ಸೊನ್ನೆ ಹಾಕುತ್ತಾರೆ, ಗುಂಡಿ ಹಾಗೇ ಇರುತ್ತದೆ.

ಶಿಕ್ಷಣವೂ ಮೊದಲು ರಾಜ್ಯ ಪಟ್ಟಿಯಲ್ಲೇ ಇತ್ತು. 1976ರಲ್ಲಿ, ತುರ್ತು ಪರಿಸ್ಥಿತಿಯ ಕಾಲದಲ್ಲಿ, 42ನೇ ತಿದ್ದುಪಡಿ ಅದನ್ನು ಸಮವರ್ತಿ ಪಟ್ಟಿಗೆ ದಾಟಿಸಿತು. ತುರ್ತು ಮುಗಿಯಿತು, ಶಿಕ್ಷಣ ವಾಪಸ್ ಬರಲಿಲ್ಲ.

ಇನ್ನು ದುಡ್ಡು. 15ನೇ ಹಣಕಾಸು ಆಯೋಗ ಕೇಂದ್ರ ತೆರಿಗೆಯಲ್ಲಿ ಶೇ 41 ರಾಜ್ಯಗಳಿಗೆ ಅಂದಿತು. ಅದರಲ್ಲಿ ಕರ್ನಾಟಕದ ಪಾಲು ಶೇ 4.71ರಿಂದ 3.65ಕ್ಕೆ ಇಳಿಯಿತು. ಸೆಸ್ಸು, ಸರ್ಚಾರ್ಜು ಅನ್ನುವ ಹೆಚ್ಚುವರಿ ತೆರಿಗೆಗಳು ಈ ಲೆಕ್ಕಕ್ಕೇ ಬರುವುದಿಲ್ಲ. ಅವು ಪಂಕ್ತಿಗೆ ಬಡಿಸದೆ ಅಡುಗೆಮನೆಯಲ್ಲೇ ಖಾಲಿಯಾಗುವ ಹೋಳಿಗೆ.

ಆಮೇಲೆ ಸಹಕಾರಿ ಒಕ್ಕೂಟ ಅಂತ ಒಂದಿದೆ. ಅದು ನಡೆಯುವುದು ಪತ್ರದ ಮೇಲೆ. ಮುಖ್ಯಮಂತ್ರಿಗಳು ಪತ್ರ ಬರೆಯುತ್ತಾರೆ. ದೆಹಲಿ ಮುಟ್ಟುವ ಮೊದಲೇ ಅದು ಟೀವಿ ಮುಟ್ಟುತ್ತದೆ. ಉತ್ತರ ಕೇಂದ್ರ ಸಚಿವರಿಂದ ಬರುವುದಿಲ್ಲ, ಇಲ್ಲೇ ಇರುವ ವಿರೋಧ ಪಕ್ಷದವರಿಂದ ಬರುತ್ತದೆ, ಅದೂ ಸಂಜೆಯ ಪ್ರೆಸ್‌ಮೀಟಿನಲ್ಲಿ. 2023ರ ಬರಕ್ಕೆ ರಾಜ್ಯ 18,171 ಕೋಟಿ ಕೇಳಿತು. ಪತ್ರ ಸಾಲದೆ ಸುಪ್ರೀಂ ಕೋರ್ಟಿಗೂ ಹೋಯಿತು. 2024ರ ಏಪ್ರಿಲ್ ಕೊನೆಗೆ, ಮುಂದಿನ ಮುಂಗಾರು ಬಾಗಿಲಿಗೆ ಬಂದಾಗ, 3,454 ಕೋಟಿ ಬಂತು. ಹಾಗಂತ ಎರಡೂ ಕಡೆ ಒಂದೇ ಪಕ್ಷ ಇದ್ದರೆ ಸುಖವೇ? 2020-21ಕ್ಕೆ ಅದೇ ಹಣಕಾಸು ಆಯೋಗ ನಮಗೆ 5,495 ಕೋಟಿ ವಿಶೇಷ ಅನುದಾನ ಕೊಡಿ ಅಂದಿತ್ತು. ಆಗ ಡಬಲ್ ಎಂಜಿನ್. ದುಡ್ಡೂ ಬರಲಿಲ್ಲ, ಎಂಜಿನ್ ಹಾರ್ನ್ ಕೂಡ ಮಾಡಲಿಲ್ಲ.

ದೆಹಲಿ ನಮ್ಮ ಅಧಿಕಾರ ಕಿತ್ತುಕೊಳ್ಳುತ್ತಿದೆ ಅಂತ ವಿಧಾನಸೌಧದಲ್ಲಿ ಭಾಷಣ ಮಾಡುವಾಗ ನಾನೂ ಚಪ್ಪಾಳೆ ತಟ್ಟುತ್ತೇನೆ. ನಿಜಾನೇ ಅದು. ಆದರೆ ಸ್ವಾಮಿ, ಇದೇ ಸಂವಿಧಾನಕ್ಕೆ 74ನೇ ತಿದ್ದುಪಡಿ ಅಂತ ಒಂದಿದೆ. ನಗರಕ್ಕೂ ಒಂದು ಸರ್ಕಾರ ಇರಬೇಕು, ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಸಿ ಅಂತ 243ಯು ವಿಧಿಯಲ್ಲಿ ಬರೆದಿದೆ. ಬೆಂಗಳೂರು ಪಾಲಿಕೆಯಾಗಿದ್ದ ಬಿಬಿಎಂಪಿಯ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಐದು ವರ್ಷ ಕಳೆದರೂ ಚುನಾವಣೆ ನಡೆಯಲಿಲ್ಲ. ಅಷ್ಟರಲ್ಲಿ ಎರಡು ಪಕ್ಷಗಳು ರಾಜ್ಯ ಆಳಿದವು. ವಾರ್ಡ್ ಲೆಕ್ಕ, ಮೀಸಲಾತಿ, ಕೋರ್ಟು ಅಂತ ಒಂದೊಂದು ಸಲ ಒಂದೊಂದು ನೆಪ. ಕೊನೆಗೆ 2025ರಲ್ಲಿ ಪಾಲಿಕೆಯನ್ನೇ ಐದು ಮಾಡಿದರು. ಚರಂಡಿ ಕಟ್ಟಿಕೊಂಡರೆ ಹೇಳಿಕೊಳ್ಳೋಕೆ ಒಬ್ಬ ಕಾರ್ಪೊರೇಟರ್ ಇಲ್ಲದೆ ಇಷ್ಟು ದೊಡ್ಡ ಊರು ಐದು ವರ್ಷ ಕಳೆಯಿತು. ತಮಾಷೆ ಮಾಡೋಕೂ ಬೇಜಾರು.

ಐದೂ ಪಾಲಿಕೆಗಳ ಮೇಲೆ ಒಂದು ಗ್ರೇಟರ್ ಬೆಂಗಳೂರು ಪ್ರಾಧಿಕಾರ ಇದೆ. ಅದರ ಅಧ್ಯಕ್ಷರು ಯಾರು ಗೊತ್ತಲ್ಲ? ಮುಖ್ಯಮಂತ್ರಿಗಳೇ. ಹಾಗಾಗಿ ನಾವು ಹೊಸದಾಗಿ ಏನೂ ಬರೆಯಬೇಕಿಲ್ಲ. ಅಧಿಕಾರ ಕೊಡಿ, ದುಡ್ಡು ಕೊಡಿ ಅಂತ ಅವರು ದೆಹಲಿಗೆ ಬರೆದ ಪತ್ರವನ್ನೇ ಜೆರಾಕ್ಸ್ ಮಾಡಿಸಿ, ವಿಳಾಸ ಮಾತ್ರ ಬದಲಿಸಿ, ವಿಧಾನಸೌಧಕ್ಕೆ ಹಾಕಿದರಾಯಿತು.