ಉತ್ತರ ದಿಕ್ಕೇ ಇಲ್ಲದ ಮನೆ

ಮತ್ತೊಂದು ಫೈಲ್ ಬಂತು. ಹೆಸರು ‘ಫೈನಲ್ ನ್ಯೂ ಫೈನಲ್ 2’. ಹೆಸರಿಗೇ ಅರ್ಧ ಬಿಪಿ ಏರಿತ್ತು, ತೆರೆದ ಮೇಲಿನ ಕಥೆ ಕೇಳಬೇಡಿ.

ಕಲಬುರಗಿಯ ಸೇಡಂ ರೋಡ್ ಕಡೆ 30-40 ಸೈಟಿನ ಮನೆ. ಸ್ಕೆಚ್‌ಅಪ್ ಅನ್ನೋ ಸಾಫ್ಟ್‌ವೇರಿನಲ್ಲಿ ಇದರ ತ್ರೀಡಿ ಮಾಡೆಲ್ ಮಾಡಿದ ಹುಡುಗ ಊರು ಬಿಟ್ಟ, ಉಳಿದದ್ದು ನನ್ನ ತಲೆಗೆ ಬಂತು. ಮಾಲೀಕರ ಬೇಡಿಕೆ ಸಣ್ಣದು: “ಮುಂದಿನ ಕಿಟಕಿ ಒಂದ್ ಫೂಟ್ ಈ ಕಡಿ ಸರಸ್ರಿ ಸರ, ಐದ್ ನಿಮಿಷದ ಕೆಲಸ ಅದ.” ಕಿಟಕಿ ಹಿಡಿದು ಎಳೆದೆ. ಕಿಟಕಿ ಜೊತೆ ಗೋಡೆ ಬಂತು, ಗೋಡೆ ಜೊತೆ ಸಜ್ಜಾ ಬಂತು, ಮೇಲೆ ಪ್ಯಾರಾಪೆಟ್ ಸೊಟ್ಟಗಾಯಿತು. ಗ್ರೂಪ್ ಅನ್ನೋದೇ ಇಲ್ಲ ಮಹಾರಾಯರೇ! ಸ್ಕೆಚ್‌ಅಪ್‌ನಲ್ಲಿ ಗೆರೆಗೆ ಗೆರೆ ತಾಗಿದರೆ ಅಂಟಿಕೊಳ್ಳುತ್ತೆ. ಅದಕ್ಕೇ ಗೋಡೆ, ಸ್ಲ್ಯಾಬು, ಮೆಟ್ಟಿಲು ಎಳೆದ ಕೂಡಲೇ ಒಂದೊಂದನ್ನೂ ಗ್ರೂಪ್ ಮಾಡಿ ಬೇರೆ ಇಡಬೇಕು. ಇಲ್ಲಿ ಇಡೀ ಮನೆ ನಾದಿಟ್ಟ ಹಿಟ್ಟಿನ ಹಾಗೆ ಒಂದೇ ಮುದ್ದೆ.

ಆದರೆ ಸೋಫಾ ಇದೆ ನೋಡಿ! ನೆಟ್‌ನಿಂದ ಇಳಿಸಿದ್ದು. ಕುಶನ್ನಿನ ಹೊಲಿಗೆ ಎಣಿಸಬಹುದು, ಫೈಲಿಗೆ ಅಷ್ಟು ಭಾರ. ಗೋಡೆ ಒಂದು ಕಡೆ 9 ಇಂಚು, ಇನ್ನೊಂದು ಕಡೆ ಎಂಟೂವರೆ ಚಿಲ್ಲರೆ. ಪ್ಲಿಂತ್ (ನೆಲಗಟ್ಟು) ಎತ್ತರ ದೇವರಿಗೇ ಗೊತ್ತು. ಗೇಟಿನ ಮುಂದೆ ಮಾತ್ರ ನಾಯಿ ಹಿಡಿದ ಫಾರಿನ್ ಹೆಂಗಸಿನ ಬೊಂಬೆ ತಪ್ಪದೇ ನಿಂತಿದೆ.

ಹೇಳಿ ಹೇಳಿ ನಾಲಿಗೆ ಸವೆದಿದೆ: ಅಲಂಕಾರ ಕೊನೆಗೆ. ಮೊದಲು ಆಟೋಕ್ಯಾಡ್‌ನಲ್ಲಿ ಬರೆದ ಪ್ಲಾನಿನ ಡೈಮೆನ್ಷನ್ (ಅಳತೆ ಅಂಕಿ), ಹ್ಯಾಚ್ (ತುಂಬುಗೆರೆ) ಎಲ್ಲ ತೆಗೆದು ಸ್ವಚ್ಛ ಮಾಡಿ, ಯೂನಿಟ್ ನೋಡಿ, ಒರಿಜಿನ್ (ಅಕ್ಷಗಳು ಸೇರುವ ಸೊನ್ನೆ ಬಿಂದು) ಹತ್ತಿರ ತಂದು ಕೂರಿಸಿ. ಉತ್ತರ ದಿಕ್ಕು ಗುರುತಿಸಿ. ಪ್ಲಿಂತ್, ಸಿಲ್ (ಕಿಟಕಿಯ ಕೆಳಗಿನ ಅಂಚು), ಲಿಂಟಲ್ (ಬಾಗಿಲು, ಕಿಟಕಿ ಮೇಲಿನ ತೊಲೆ), ಸ್ಲ್ಯಾಬ್ ಮಟ್ಟ ನಿಶ್ಚಯ ಮಾಡಿ. ಆಮೇಲೆ ಗೋಡೆ. ಒಂದೇ ಅಳತೆಯ ಕಿಟಕಿಗಳು ಕಾಂಪೊನೆಂಟ್ ಆಗಲಿ, ಒಂದನ್ನು ತಿದ್ದಿದರೆ ಎಲ್ಲವೂ ತಿದ್ದುತ್ತವೆ. ಟ್ಯಾಗ್ (ಬೇಕಾದಾಗ ತೋರಿಸಲು, ಮರೆಮಾಡಲು ಹಚ್ಚುವ ಹೆಸರಿನ ಚೀಟಿ) ಹಚ್ಚುವುದು ಗ್ರೂಪಿಗೆ, ಬರೀ ಗೆರೆಗಲ್ಲ; ಗೆರೆ ಯಾವಾಗಲೂ ಅನ್‌ಟ್ಯಾಗ್ಡ್. (2020ರವರೆಗೆ ಇದನ್ನೇ ಲೇಯರ್ ಅಂತಿದ್ದರು, ಆಗಲೂ ಯಾರೂ ಕೇಳಲಿಲ್ಲ.)

ಅಸಲಿ ಮಜಾ ನೆರಳು ಆನ್ ಮಾಡಿದಾಗ. ಫೈಲಿಗೆ ಕೊಟ್ಟ ಊರಿನ ಬಿಸಿಲಿನ ಲೆಕ್ಕದಲ್ಲೇ ನೆರಳು ಬೀಳುತ್ತೆ. ಲೊಕೇಶನ್ ಯಾವುದು ಹೇಳಿ? ಬೌಲ್ಡರ್, ಕೊಲರಾಡೊ! ಸ್ಕೆಚ್‌ಅಪ್ ಹುಟ್ಟಿದ ಊರು. ಟೆಂಪ್ಲೇಟಿನಲ್ಲಿ (ಹೊಸ ಫೈಲ್ ಶುರುವಾಗುವ ಮಾದರಿ) ಇದ್ದದ್ದನ್ನು ಆ ಹುಡುಗ ಹಾಗೇ ಬಿಟ್ಟಿದ್ದಾನೆ. ಆ ಊರು ಸುಮಾರು 40 ಡಿಗ್ರಿ ಅಕ್ಷಾಂಶದಲ್ಲಿ, ಕಲಬುರಗಿ 17ರ ಮೇಲೆ ಸ್ವಲ್ಪ. ಅಲ್ಲಿ ನಡುಮಧ್ಯಾಹ್ನದ ಸೂರ್ಯ ವರ್ಷಪೂರ್ತಿ ದಕ್ಷಿಣಕ್ಕೇ. ನಮ್ಮಲ್ಲಿ ಮೇ 10ರ ಆಸುಪಾಸು ನೆತ್ತಿಗೆ ಬಂದು, ಅಲ್ಲಿಂದ ಆಗಸ್ಟ್ ಮೊದಲ ವಾರದವರೆಗೆ ಉತ್ತರಕ್ಕೆ ವಾಲಿರುತ್ತಾನೆ. ಚಿತ್ರದಲ್ಲಿ ಉತ್ತರದ ಸಿಟೌಟು ತಣ್ಣಗೆ ಕಾಣುತ್ತೆ, ಬೆತ್ತದ ಕುರ್ಚಿ ಬೇರೆ ಇಟ್ಟಿದ್ದಾನೆ. ಮೇ ತಿಂಗಳ ಕೊನೆಗೆ ಅಲ್ಲಿ ಕೂತು ನೋಡಲಿ. ಪಶ್ಚಿಮದ ಬೆಡ್‌ರೂಮಿಗೆ ನೆಲದಿಂದ ಛಾವಣಿವರೆಗೆ ಗಾಜು. ನಮ್ಮ ಬಿಸಿಲಿಗೆ! ನಮ್ಮ ಹಳೆ ವಾಡೆ ಮನೆಗಳ ಗೋಡೆ ಯಾಕೆ ಅಷ್ಟು ದಪ್ಪ ಅಂದುಕೊಂಡಿದ್ದೀರಿ?

ಇದೇ ಮನೆಯವರು ಅಡುಗೆಮನೆ ಆಗ್ನೇಯಕ್ಕೇ ಬೇಕು ಅಂತ ಪಟ್ಟು ಹಿಡಿದು ಪ್ಲಾನ್ ಬದಲಾಯಿಸಿದ್ದಾರೆ. ಫೈಲಿನಲ್ಲಿ ಉತ್ತರ ದಿಕ್ಕಿನ ಗುರುತೇ ಇಲ್ಲ. ರಸ್ತೆ ಪರದೆಯ ಕೆಳಗೆ ಬಂದರೆ ನೋಡೋಕೆ ಚಂದ ಅಂತ ಮನೆಯನ್ನೇ ತಿರುಗಿಸಿಟ್ಟಿದ್ದಾನೆ.

ಇಂಥ ಮಾಡೆಲ್ ಮಾಡುವವರನ್ನು ಕೇಳಿದರೆ ಒಂದೇ ಮಾತು: “ಗಿರಾಕಿಗೆ ಫೋಟೋ ಬೇಕ್ರಿ, ಗ್ರೂಪು ಟ್ಯಾಗು ಯಾರ್ ಕೇಳ್ತಾರ? ಸಂಜಿಕ್ ವಾಟ್ಸಾಪಿಗೆ ಎಲಿವೇಶನ್ ಹಾಕಿದ್ರ ರೊಕ್ಕ.” ಸರಿ, ಕೊಡುವ ದುಡ್ಡು ಕಡಿಮೆ, ಅವಸರ ಜಾಸ್ತಿ, ಒಪ್ಪಿದೆ. ಆದರೆ ತಾಳೆ ಮರದ ಗರಿ ಆರಿಸಲು ಟೈಮ್ ಇತ್ತಲ್ಲ? ಒಂದು ಸಂಜೆ ಕೂತು ಲೊಕೇಶನ್, ಯೂನಿಟ್, ಟ್ಯಾಗ್ ಹಾಕಿದ ಟೆಂಪ್ಲೇಟ್ ಮಾಡಿಟ್ಟರೆ ಮುಂದಿನ ಎಲ್ಲ ಮನೆ ಅಲ್ಲಿಂದಲೇ ಶುರು. ರೆವಿಟ್ ಅನ್ನೋ ಬೇರೆ ಸಾಫ್ಟ್‌ವೇರಿಗೆ ಹೋಗಿ ಅನ್ನೋ ಪಂಡಿತರೂ ಬರುತ್ತಾರೆ. ಅಲ್ಲಿಯೂ ಲೆವೆಲ್ ಹಾಕದವನ ಸ್ಲ್ಯಾಬು ಗಾಳಿಯಲ್ಲೇ ತೇಲುತ್ತೆ.

ನಿಜ ಹೇಳಲಾ? ರೆಂಡರ್‌ಗಿಂತ ‘ಜಿಎಫ್ ಗೋಡೆ’, ‘ಜಿಎಫ್ ಬಾಗಿಲು’, ‘ಎಫ್‌ಎಫ್ ಸ್ಲ್ಯಾಬ್’ (ಜಿಎಫ್ ನೆಲಮಹಡಿ, ಎಫ್‌ಎಫ್ ಮೊದಲ ಮಹಡಿ) ಅಂತ ಸಾಲಾಗಿ ನಿಂತ ಟ್ಯಾಗ್ ಪಟ್ಟಿ ನೋಡಿದರೇ ನನಗೆ ಖುಷಿ. ಮನೆಯ ಮಸಾಲೆ ಡಬ್ಬಿಗೂ ಚೀಟಿ ಅಂಟಿಸಿದ್ದೇನೆ. ಹೆಂಡತಿ ಆ ವಿಷಯ ಮಾತಾಡಲ್ಲ.

ಗ್ರೂಪು, ಟ್ಯಾಗು ಬರೀ ಚಂದಕ್ಕಲ್ಲ. ಅಂಗಳಕ್ಕೆ ಶಹಾಬಾದ್ ಫರಸಿ ಕಲ್ಲು ಎಷ್ಟು ಚದರಡಿ ಬೇಕು ಅಂತ ಮಾಲೀಕರು ಕೇಳಿದರು. ಅಂಗಳ ಬೇರೆ ಗ್ರೂಪ್ ಆಗಿದ್ದರೆ ಅದರ ಮುಖ (ಮೇಲ್ಮೈ) ಆರಿಸಿದರೆ ಸಾಕು, ಎಂಟಿಟಿ ಇನ್ಫೋ ಅನ್ನೋ ಮಾಹಿತಿ ಪೆಟ್ಟಿಗೆಯಲ್ಲಿ ಅಳತೆ ಬರುತ್ತೆ. ಈ ಫೈಲಿನಲ್ಲಿ ಅಂಗಳ, ರಸ್ತೆ, ಪಕ್ಕದ ಖಾಲಿ ಸೈಟು ಎಲ್ಲಾ ಒಂದೇ ಮುಖ. ಈ ಲೆಕ್ಕ ನಂಬಿದರೆ ಪಕ್ಕದವರಿಗೂ ಇವರೇ ಫರಸಿ ಹಾಸಿಕೊಡಬೇಕು.

ರಿಪೇರಿ ಬೇಡ, ಹೊಸದಾಗಿಯೇ ಎಳೆಯುತ್ತೇನೆ ಅಂತ ಹೇಳಿಬಿಟ್ಟಿದ್ದೇನೆ. ಇನ್ನು ಮುಂದೆ ಬೇರೆಯವರ ಫೈಲ್ ತರುವ ಸ್ನೇಹಿತರು ಮೊದಲು ಕಿಟಕಿ ಹಿಡಿದು ಎಳೆದು ನೋಡಿ. ಗೋಡೆಯೂ ಜೊತೆಗೆ ಬಂದರೆ ಪೂರ್ತಿ ಮನೆಯ ರೇಟು, ಅರ್ಧ ಅಡ್ವಾನ್ಸು. ಚೌಕಾಸಿ ನಡೆಯಲ್ಲ.