ತ್ರಮೆಜ್ಜೀನೊ ಮತ್ತು ಜಾಲತಾಣ

ನಾನಿರುವ ಇಟಲಿಯ ತೂರಿನ್ ನಗರದ ಕಾಸ್ತೆಲ್ಲೊ ಚೌಕದಲ್ಲಿ ಮುಲಾಸ್ಸಾನೊ ಎಂಬ ಪುಟ್ಟ ಕಾಫಿ ಅಂಗಡಿಯಿದೆ. 1926ರಲ್ಲಿ ತ್ರಮೆಜ್ಜೀನೊ ಹುಟ್ಟಿದ್ದು ಇಲ್ಲಿಯೇ ಎಂದು ಅಲ್ಲಿಯ ಫಲಕ ಹೇಳುತ್ತದೆ. ಅಂಚು ಕತ್ತರಿಸಿದ ಮೆತ್ತನೆಯ ಬ್ರೆಡ್ಡು, ನಡುವೆ ಹೂರಣ. ನಾವು ಸ್ಯಾಂಡ್‌ವಿಚ್ ಎನ್ನುತ್ತೇವೆ. ಇಂಗ್ಲಿಷ್ ಹೆಸರಿನ ಬದಲು ಈ ಹೆಸರು ಕೊಟ್ಟವರು ಕವಿ ಗಾಬ್ರಿಯೆಲೆ ದಾನ್ನುಂಟ್ಸಿಯೊ ಎಂದು ಇಲ್ಲಿ ಎಲ್ಲರೂ ಹೇಳುತ್ತಾರೆ. ತ್ರಮೆಜ್ಜೊ ಎಂದರೆ ಎರಡು ಕೋಣೆಗಳ ನಡುವಿನ ಅಡ್ಡಗೋಡೆ. ಅದಕ್ಕೆ ಚಿಕ್ಕದು, ಮುದ್ದಿನದು ಎಂಬ ಅರ್ಥ ಕೊಡುವ 'ಈನೊ' ಅಂಟಿಸಿದರೆ ಮುಗಿಯಿತು. ಗಲ್ಲಾದ ಮುಂದೆ ನಿಂತು ಅದನ್ನು ಕೇಳುವ ಯಾರಿಗೂ ತಾವೊಂದು ಅನುವಾದವನ್ನು ಆಡುತ್ತಿದ್ದೇವೆ ಎಂಬ ನೆನಪೇ ಇರುವುದಿಲ್ಲ. ಅನುವಾದ ಗೆಲ್ಲುವುದೆಂದರೆ ಇದೇ.

ಸೋತ ಪದಗಳ ಕಥೆಯೂ ಇಲ್ಲಿದೆ. ಮುಸೊಲಿನಿಯ ಸರ್ಕಾರ 1940ರ ಡಿಸೆಂಬರಿನಲ್ಲಿ ಅಂಗಡಿಗಳ ಹೆಸರಿನಲ್ಲಿ, ಜಾಹೀರಾತಿನಲ್ಲಿ ಪರಭಾಷೆಯ ಪದ ಕೂಡದೆಂದು ಕಾನೂನು ಮಾಡಿತು. ವಿದ್ವಾಂಸರು ಕುಳಿತು ಬದಲಿ ಪದಗಳ ಪಟ್ಟಿ ಮಾಡಿದರು. ಆ ಕಾಲದಲ್ಲಿ ಬಾರ್‌ಗೆ 'ಇಲ್ಲಿ ಕುಡಿಯುತ್ತಾರೆ' ಎಂಬ ಅರ್ಥದ ಕ್ವಿಸಿಬೇವೆ ಎಂಬ ಹೆಸರೂ ಬಂದಿತ್ತು. ಇಂದು ಇಟಲಿಯ ಪ್ರತಿ ಬೀದಿಯಲ್ಲೂ ಬಾರ್ ಇದೆ, ಕ್ವಿಸಿಬೇವೆ ಎಲ್ಲಿಯೂ ಇಲ್ಲ. ಆದರೆ 1930ರ ದಶಕದಲ್ಲಿಯೇ ಭಾಷಾಶಾಸ್ತ್ರಜ್ಞ ಬ್ರೂನೊ ಮಿಲ್ಯೊರೀನಿ ಫ್ರೆಂಚ್ ಪದಗಳ ಬದಲಿಗೆ ಕೊಟ್ಟ ಎರಡು ಪದಗಳು ಗಟ್ಟಿಯಾಗಿ ಉಳಿದವು: ಚಿತ್ರ ಮತ್ತು ನಾಟಕದ ನಿರ್ದೇಶಕನಿಗೆ ರೆಜಿಸ್ತ, ವಾಹನ ಚಾಲಕನಿಗೆ ಔತಿಸ್ತ. ಪತ್ರಕರ್ತ ಜೊರ್ನಲಿಸ್ತ, ಹಲ್ಲಿನ ವೈದ್ಯ ದೆಂತಿಸ್ತ ಎಂಬ ಪದಗಳು ಜನರ ನಾಲಿಗೆಯ ಮೇಲೆ ಆಗಲೇ ಇದ್ದವು. ಹೊಸ ಪದ ಆ ಸಾಲಿನಲ್ಲಿ ಬಂದು ಕುಳಿತಿತು. ನಮ್ಮ ಹಾಡುಗಾರ, ಮಾತುಗಾರರ ಸಾಲಿನಲ್ಲಿ ಹೊಸ 'ಗಾರ'ನೊಬ್ಬ ಬಂದರೆ ಯಾರೂ ಹುಬ್ಬೇರಿಸುವುದಿಲ್ಲ, ಹಾಗೆಯೇ.

ಇಟಾಲಿಯನ್ ಪದಗಳಂತೆ ಕನ್ನಡದ ಪದಗಳೂ ಹೆಚ್ಚಾಗಿ ಸ್ವರದಲ್ಲಿಯೇ ಕೊನೆಯಾಗುತ್ತವೆ. ಇಲ್ಲಿಗೆ ಬಂದ ಹೊಸತರಲ್ಲಿ ಈ ಹೋಲಿಕೆ ನನಗೆ ತವರಿನ ನೆಂಟಸ್ತಿಕೆಯಂತೆ ಕಂಡಿತ್ತು. ಹಿಂದೆ ಇವರು ಬೀಫ್‌ಸ್ಟೇಕನ್ನು ಬಿಸ್ತೆಕ್ಕ ಮಾಡಿಕೊಂಡರು. ನಾವು ಹಾಸ್ಪಿಟಲನ್ನು ಆಸ್ಪತ್ರೆ ಮಾಡಿಕೊಂಡೆವು. ಆದರೆ ಈಗಿನ ಇಟಾಲಿಯನ್ ಆ ಜೀರ್ಣಶಕ್ತಿಯನ್ನು ನಾಮಪದಗಳಲ್ಲಿ ಬಹುಮಟ್ಟಿಗೆ ಬಿಟ್ಟುಕೊಟ್ಟಿದೆ. ಕಂಪ್ಯೂಟರ್ ಒಂದಿದ್ದರೂ ಹತ್ತಿದ್ದರೂ ಕಂಪ್ಯೂಟರ್. ಬಹುವಚನದ ಪ್ರತ್ಯಯ ಅದಕ್ಕೆ ತಾಗುವುದಿಲ್ಲ. ಕನ್ನಡ ಇಂದಿಗೂ ಬಸ್ಸು, ಬಸ್ಸಿಗೆ, ಬಸ್ಸುಗಳಲ್ಲಿ ಎಂದು ಪರಭಾಷೆಯ ಪದಕ್ಕೆ ವಿಭಕ್ತಿ ತೊಡಿಸಿ ಮನೆಮಗಳನ್ನಾಗಿ ಮಾಡಿಕೊಳ್ಳುತ್ತದೆ. ಇಂಥ ಪದಗಳನ್ನು ಅನುವಾದಿಸಲೇಬೇಕೆಂದು ಹಟ ಹಿಡಿಯುವವರ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ.

ಅನುವಾದ ನಿಜವಾಗಿ ಬೇಕಾಗುವುದು ಬೇರೆಡೆ. ಕೊರೊನಾ ಕಾಲದಲ್ಲಿ ನಮ್ಮ ಕೆಳಮನೆಯ ಅಜ್ಜಿ ಪತ್ರಿಕೆ ಹಿಡಿದುಕೊಂಡು ಮೆಟ್ಟಿಲಲ್ಲಿ ನನ್ನನ್ನು ನಿಲ್ಲಿಸಿದರು. ಲಾಕ್‌ಡೌನ್, ಸ್ಮಾರ್ಟ್ ವರ್ಕಿಂಗ್ (ಮನೆಯಿಂದಲೇ ಕೆಲಸ), ಗ್ರೀನ್ ಪಾಸ್ (ಕೊರೊನಾ ಪ್ರಮಾಣಪತ್ರ) ಎಂಬ ಮೂರು ಪದಗಳ ಕೆಳಗೆ ಪೆನ್ಸಿಲಿನ ಗೆರೆ. ತಮ್ಮದೇ ದೇಶದ ಸುದ್ದಿಯನ್ನು ಅವರು ಪರದೇಶಿಯಾದ ನನ್ನಿಂದ ಓದಿಸಿಕೊಳ್ಳಬೇಕಾಯಿತು. ವಿಚಿತ್ರವೆಂದರೆ ಎರಡು ಪದಗಳಿಗೆ ಇಟಾಲಿಯನ್ ಹೆಸರು ಕಾನೂನಿನಲ್ಲಿಯೇ ಇತ್ತು. 2017ರ ಕಾಯ್ದೆ ಸ್ಮಾರ್ಟ್ ವರ್ಕಿಂಗನ್ನು ಲವೋರೊ ಆಜಿಲೆ ಎಂದು ಕರೆದಿದೆ. ಗ್ರೀನ್ ಪಾಸಿನ ಅಧಿಕೃತ ಹೆಸರು ಹಸಿರು ಪ್ರಮಾಣಪತ್ರ ಎಂದೇ ಅರ್ಥ ಕೊಡುವ ಇಟಾಲಿಯನ್ ಹೆಸರು. ಮಂತ್ರಿಗಳೂ ಟಿವಿಯವರೂ ಅವನ್ನು ಕಡತದಲ್ಲಿಯೇ ಬಿಟ್ಟರು. ಅದೇ ದಿನಗಳಲ್ಲಿ ಊರಿನಿಂದ ಅಮ್ಮ ಫೋನಿನಲ್ಲಿ ಕೇಳುತ್ತಿದ್ದಳು: "ಅಲ್ಲಿಯೂ ಲಾಕ್‌ಡೌನ್ ಮುಗಿದಿಲ್ಲವೇನಪ್ಪಾ?" ಇಂಗ್ಲಿಷ್ ಬಾರದ ಇಬ್ಬರು ಹಿರಿಯರು, ಇಬ್ಬರ ಬಾಯಲ್ಲೂ ಅದೇ ಪದ.

ಫ್ಲಾರೆನ್ಸಿನ ಕ್ರೂಸ್ಕ ಅಕಾಡೆಮಿ 1612ರಲ್ಲಿಯೇ ಇಟಾಲಿಯನ್ ನಿಘಂಟು ಹೊರತಂದ ಸಂಸ್ಥೆ. ಕ್ರೂಸ್ಕ ಎಂದರೆ ಹೊಟ್ಟು. ಹಿಟ್ಟು ಜರಡಿ ಹಿಡಿದು ಹೊಟ್ಟು ಬೇರೆ ಮಾಡುವುದು ಅವರ ಸಂಕೇತ. ಅಲ್ಲಿ 2015ರಲ್ಲಿ ಇಂಚಿಪಿತ್ ಎಂಬ ಗುಂಪು ಕಟ್ಟಿದರು. ಇಂಗ್ಲಿಷ್ ಪದ ಹೊಸ್ತಿಲು ದಾಟುವ ಮೊದಲೇ ಬದಲಿ ಪದ ಸೂಚಿಸುವುದು ಅದರ ಕೆಲಸ. ನನಗೆ ಮೆಚ್ಚುಗೆಯಾದದ್ದು ಈ ದಾರಿ. 2022ರ ಕೊನೆಯಲ್ಲಿ ಮಂಡಿಸಿದ ಮಸೂದೆ ಪರಭಾಷೆಯ ಪದಗಳ ಬಳಕೆಗೆ ಒಂದು ಲಕ್ಷ ಯೂರೊವರೆಗೆ ದಂಡ ಹಾಕಲು ಹೊರಟಾಗ ಇದೇ ಅಕಾಡೆಮಿಯ ಅಂದಿನ ಅಧ್ಯಕ್ಷರು ಆಕ್ಷೇಪಿಸಿದರು. ದಂಡದ ಭಯಕ್ಕೆ ಆಡಿದ ಪದ ಬಾಯಲ್ಲಿ ನಿಲ್ಲುವುದಿಲ್ಲ.

ಗಣಕಯಂತ್ರ ಎಂಬ ಪದವನ್ನು ನಾನು ಫಲಕಗಳಲ್ಲಿ ಓದಿದ್ದೇನೆ, ಯಾರ ಬಾಯಲ್ಲೂ ಕೇಳಿಲ್ಲ. ಸಾಮಾಜಿಕ ಜಾಲತಾಣ ಎಂಬುದನ್ನಾದರೋ ನಮ್ಮೂರಿನ ಕಿರಾಣಿ ಅಂಗಡಿಯವರೂ ಸಲೀಸಾಗಿ ಹೇಳುತ್ತಾರೆ. ಪತ್ರಿಕೆಗಳು ಮೊದಲ ದಿನದಿಂದ ಬೇಸರಿಸದೆ ಅದನ್ನೇ ಬರೆದವು, ಪದವೂ ಹಗುರಾಗಿತ್ತು. ಈಗ ಹೊಸ್ತಿಲಲ್ಲಿ ಎಐ ನಿಂತಿದೆ. ಇಟಾಲಿಯನ್ನರು ಅದನ್ನು ಇಂತೆಲ್ಲಿಜೆಂಝ ಅರ್ತಿಫಿಚಾಲೆ ಎಂದು ತಮ್ಮ ಮಾತಿನಲ್ಲಿಯೇ ಕರೆಯುತ್ತಿದ್ದಾರೆ. ನಮ್ಮಲ್ಲಿ ಕೃತಕ ಬುದ್ಧಿಮತ್ತೆ ಇದೆ, ಯಾಂತ್ರಿಕ ಬುದ್ಧಿಮತ್ತೆಯನ್ನು ಮೊಟಕುಗೊಳಿಸಿದ ಯಾಂಬು ಕೂಡ ಇದೆ. ಎರಡೇ ಅಕ್ಷರದ ಯಾಂಬು ನನಗೆ ತುಂಬಾ ಹಿಡಿಸಿದೆ. ಊರಿಗೆ ಫೋನ್ ಮಾಡಿದಾಗ ತಂಗಿಯ ಮಗನ ಜೊತೆ ಅದನ್ನೇ ಆಡುತ್ತೇನೆ. ಮೊನ್ನೆ ಅವನು ತಾನಾಗಿಯೇ, "ಮಾವ, ಈ ಲೆಕ್ಕವನ್ನು ಯಾಂಬು ತಪ್ಪು ಮಾಡಿತು" ಎಂದ.