ನಮ್ಮ ಭಾವನಿಗೂ ಪಾಸ್ ಕೊಡಿ ಸ್ವಾಮಿ

ಎಸ್ಸೆಸ್ಸೆಲ್ಸಿ ಪಾಸಾಗೋಕೆ ಇನ್ಮೇಲೆ 35 ಬೇಡ, 33 ಸಾಕು ಅಂತ 2025ರ ಅಕ್ಟೋಬರಿನಲ್ಲಿ ಸರ್ಕಾರ ಹೇಳಿದ ದಿನ ಸಂಜೆ ಭಾವನ ಫೋನ್ ಬಂತು. ಅವರು ಫೋನ್ ಮಾಡುವುದು ಕೊಬ್ಬರಿ ರೇಟು ಬಿದ್ದಾಗ, ಇಲ್ಲಾ ಅಕ್ಕ ಮಾತು ಬಿಟ್ಟಾಗ. ಈ ಸಲ ಎರಡೂ ಅಲ್ಲ. "ಲೇ, ಪೇಪರಿಗೆ ಬರೆಯೋನು ನೀನು, ಸರಿಯಾಗಿ ಹೇಳು. ಇದು ಹಿಂದಿನವರಿಗೂ ಅನ್ವಯ ಆಗುತ್ತಾ?"

ಭಾವ 1988ರ ಬ್ಯಾಚು. ಗಣಿತದಲ್ಲಿ 34. ಆ ಮಾರ್ಕ್ಸ್ ಕಾರ್ಡು ಇವತ್ತಿಗೂ ಟ್ರಂಕಿನಲ್ಲಿ ಪಹಣಿ, ರೇಷನ್ ಕಾರ್ಡು, ಅಕ್ಕನ ಜಾತಕದ ಜೊತೆ ಇದೆ. ಮಡಚಿ ಮಡಚಿ ನಾಲ್ಕು ತುಂಡಾಗುವ ಹಂತಕ್ಕೆ ಬಂದಿದ್ದನ್ನು ಲ್ಯಾಮಿನೇಷನ್ ಮಾಡಿಸಿದ್ದಾರೆ. ಫೇಲಾದ ಮಾರ್ಕ್ಸ್ ಕಾರ್ಡಿಗೆ ಲ್ಯಾಮಿನೇಷನ್ ಮಾಡಿಸಿದ ಮನುಷ್ಯನನ್ನು ನಾನು ಬೇರೆಲ್ಲೂ ನೋಡಿಲ್ಲ. ಆ 34ರ ಸುತ್ತ ಪೆನ್ನಿನಲ್ಲಿ ಒಂದು ಗುಂಡು ಸುತ್ತಿದೆ. ಅದು ಅವರಪ್ಪ ಸುತ್ತಿದ್ದಂತೆ, ಎಡಗೈಯಲ್ಲಿ. ಬಲಗೈ ಬೇರೆ ಕೆಲಸದಲ್ಲಿ ಇತ್ತು.

"ಭಾವ, ಹೊಸ ರೂಲು ಹೀಗಿದೆ. ಒಂದೊಂದು ವಿಷಯದಲ್ಲಿ 30 ಬಂದರೆ ಸಾಕು. ಒಟ್ಟಾರೆ 33 ಪರ್ಸೆಂಟು, ಅಂದರೆ 625ಕ್ಕೆ 206 ಆಗಬೇಕು" ಅಂದೆ. ಅತ್ತ ಕಡೆ ಎರಡು ಸೆಕೆಂಡು ಮೌನ. "206.25 ಆಗಬೇಕಲ್ಲೋ! ಕಾಲು ಮಾರ್ಕ್ಸು ಎಲ್ಲಿ ಹೋಯ್ತು?"

ನಾನು ಕ್ಯಾಲ್ಕುಲೇಟರ್ ತೆಗೆದು ನೋಡಿದೆ. 206ನ್ನು 625ರಿಂದ ಭಾಗಿಸಿದರೆ 32.96. ಅಂದರೆ ಪಾಸ್ ಮಾರ್ಕ್ಸ್ ನಿಗದಿ ಮಾಡುವ ಲೆಕ್ಕದಲ್ಲಿ ಇಲಾಖೆಯೇ ಕಾಲು ಮಾರ್ಕ್ಸಿಗೆ ಜಾರಿ ಬಿದ್ದು, ತನಗೆ ತಾನೇ ಗ್ರೇಸ್ ಕೊಟ್ಟುಕೊಂಡು ಮೇಲೆದ್ದಿದೆ. ಮಾರ್ಕ್ಸನ್ನು ಪೂರ್ಣಾಂಕ ಮಾಡಲೇಬೇಕು, ಅದೆಲ್ಲ ಸರಿ, ನನಗೂ ಗೊತ್ತು. ಆದರೆ 34 ತೆಗೆದು ಮೂವತ್ತೇಳು ವರ್ಷ ಫೇಲಾಗಿ ಕೂತವರ ಹತ್ತಿರ ಈ ಸಮಜಾಯಿಷಿ ಹೇಳೋಕೆ ನನಗಂತೂ ಧೈರ್ಯ ಬರಲಿಲ್ಲ.

ಇದನ್ನೆಲ್ಲ ಯಾಕೆ ಮಾಡಿದರಪ್ಪ ಅಂದರೆ, ಸಿಬಿಎಸ್‌ಇಯಲ್ಲಿ 33 ಇದೆ, ನಮ್ಮಲ್ಲೂ ಇರಲಿ ಅಂತ. ಸಮಾನತೆ ಅಂದ್ರೆ ಇದು! ಅವರ ಲ್ಯಾಬು, ಅವರ ಬೆಂಚು, ವಿಷಯಕ್ಕೊಬ್ಬ ಮೇಷ್ಟ್ರು, ಇವನ್ನೆಲ್ಲ ತರಲು ಹೊರಟರೆ ಖರ್ಚು ಜಾಸ್ತಿ. ಫೇಲಾಗುವ ಗೆರೆ ತರಲು ಒಂದು ಆದೇಶ ಸಾಕು, ಟ್ರಾನ್ಸ್‌ಪೋರ್ಟ್ ಚಾರ್ಜೂ ಇಲ್ಲ.

ಈ 33ರ ಜನ್ಮವೃತ್ತಾಂತ ನಿಮಗೆಲ್ಲ ಗೊತ್ತು. ಆದರೂ ಇನ್ನೊಂದು ಸಲ ಹೇಳಿಬಿಡ್ತೀನಿ, ಮಜಾ ಇದೆ. 2023ರಲ್ಲಿ ಶೇ. 83.89 ಪಾಸು. ಪೇಡಾ ಹಂಚಿದ್ದಾಯ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ, ವೆಬ್‌ಕಾಸ್ಟಿಂಗ್ ಅಂತ ಹೆಸರಿಟ್ಟು, ಆಫೀಸಿನಲ್ಲಿ ಕೂತು ನೋಡತೊಡಗಿದರು. ಕಾಂಪೌಂಡ್ ಹಾರಿ ಕಿಟಕಿಯಲ್ಲಿ ಚೀಟಿ ತೂರುತ್ತಿದ್ದ ಅಣ್ಣಂದಿರು ಒಂದೇ ದಿನಕ್ಕೆ ನಿರುದ್ಯೋಗಿಗಳಾದರು. ಗ್ರೇಸ್ ಮಾರ್ಕ್ಸನ್ನು ಶೇ. 10ರಿಂದ 20ಕ್ಕೆ ಏರಿಸಿ, ಎತ್ತಿ, ತಳ್ಳಿ, ಉಸಿರು ಕಟ್ಟಿ ಎಳೆದರೂ ರಿಸಲ್ಟು 73.40ಕ್ಕೆ ನಿಂತಿತು. ಗ್ರೇಸ್ ಕಳೆದರೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಒಂದೇ ವರ್ಷದಲ್ಲಿ ರಾಜ್ಯದ ಮಕ್ಕಳು ದಡ್ಡರಾಗಿಬಿಟ್ಟರಾ? ಇಲ್ಲಪ್ಪ. ಮೊದಲೂ ಹೀಗೇ ಇದ್ದರು, ನಮಗೆ ಕಾಣ್ತಿರಲಿಲ್ಲ. ಆಮೇಲೆ ಮುಖ್ಯಮಂತ್ರಿಗಳು ಈ ಗ್ರೇಸ್ ಯಾರು ಕೊಡೋಕೆ ಹೇಳಿದ್ದು ಅಂತ ಗದರಿದರು, ಗ್ರೇಸ್ ನಿಂತಿತು, 2025ರಲ್ಲಿ ರಿಸಲ್ಟು ಇನ್ನೂ ಕೆಳಗಿಳಿಯಿತು. ಕ್ಯಾಮೆರಾ ಕೀಳುವ ಹಾಗಿಲ್ಲ, ಗ್ರೇಸ್ ಕೊಡುವ ಹಾಗಿಲ್ಲ. ಉಳಿದದ್ದು ಗೆರೆ ಒಂದೇ. ಅದನ್ನೇ ಇಳಿಸಿದರು. ನಿಜ ಹೇಳಬೇಕಂದ್ರೆ ಈ ರಾಜ್ಯದಲ್ಲಿ ಪರೀಕ್ಷೆಯನ್ನು ಪ್ರಾಮಾಣಿಕವಾಗಿ ಪರಿಷ್ಕರಣೆ ಮಾಡಿದ್ದು ಆ ಕ್ಯಾಮೆರಾ ಒಂದೇ. ಅದಕ್ಕೆ ರಾಜ್ಯೋತ್ಸವ ಪ್ರಶಸ್ತಿ ಕೊಡಬೇಕಿತ್ತು.

ಭಾವ ಪಾಸ್ ಮಾಡುವ ರೀತಿ ಬೇರೆ. ತಿಪಟೂರು, ಅರಸೀಕೆರೆ ಕಡೆ ನೀವು ಹೋಗಿದ್ದರೆ ನೋಡಿರ್ತೀರಿ, ತೆಂಗಿನಕಾಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಡ್ತಾರೆ. ಭಾವ ಒಂದೊಂದೇ ಕಾಯಿ ಎತ್ತಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸ್ತಾರೆ. ಒಳಗೆ ಗುಂಡು ಗಡಗಡ ಅಂದರೆ ಕೊಬ್ಬರಿ ಆಗಿದೆ. ಗುಳಕ್ ಅಂತ ನೀರಿನ ಸದ್ದು ಬಂದರೆ "ಇನ್ನೂ ಹಸಿ" ಅಂತ ವಾಪಸ್ ಅಟ್ಟಕ್ಕೆ. ಆ ಕಾಯನ್ನು ಬೈಯಲ್ಲ, ಹೊಡೆಯಲ್ಲ, ಗುಂಡು ಸುತ್ತಲ್ಲ. ಒಂದು ತಿಂಗಳು ಬಿಟ್ಟು ಮತ್ತೆ ಕಿವಿಗೆ ಹಿಡಿಯುತ್ತಾರೆ. ನಾನು ಒಮ್ಮೆ ಸುಮ್ನೆ ಕೇಳಿದ್ದೆ, ಅರ್ಜೆಂಟಿದ್ದರೆ ಏನು ಮಾಡ್ತೀರಿ ಭಾವ ಅಂತ. ಅವರು ನನ್ನನ್ನು ನೋಡಿದ ನೋಟದಲ್ಲಿ ನನ್ನ ಡಿಗ್ರಿ ಪೂರ್ತಿ ಕರಗಿಹೋಯ್ತು.

ಡಿಗ್ರಿ ಅಂದ ಕೂಡಲೇ ನೆನಪಾಯ್ತು. 2021ರಲ್ಲಿ ಡಿಗ್ರಿ ನಾಲ್ಕು ವರ್ಷ ಆಯ್ತು, ರಾಷ್ಟ್ರೀಯ ನೀತಿ. 2024ರಲ್ಲಿ ಮತ್ತೆ ಮೂರು ವರ್ಷ, ರಾಜ್ಯದ ನೀತಿ. ಮಧ್ಯೆ ಸಿಕ್ಕಿಕೊಂಡವರಿಗೆ ಯಾವ ನೀತಿಯೂ ಇಲ್ಲ. ಶಾಲೆಯ ವರ್ಷಗಳನ್ನು ತುಂಡು ಮಾಡುವುದರಲ್ಲೂ ಇದೇ ಕತೆ. ಮೊದಲು 10+2 ಇತ್ತು. ದೆಹಲಿಯವರು 5+3+3+4 ಅಂದರು. ರಾಜ್ಯದ ಶಿಕ್ಷಣ ನೀತಿ ರೂಪಿಸೋಕೆ ಕೂರಿಸಿದ ನಮ್ಮ ಥೋರಟ್ ಆಯೋಗ 2025ರಲ್ಲಿ ವರದಿ ಕೊಟ್ಟು 2+8+4 ಅಂದಿತು. ಆಯೋಗದಲ್ಲಿ ಕೂತವರೆಲ್ಲ ವಿದ್ವಾಂಸರು, ವರದಿಯಲ್ಲಿ ಒಳ್ಳೆ ಮಾತುಗಳೂ ಇವೆ, ನಾನು ಹಗುರವಾಗಿ ಮಾತಾಡಲ್ಲ. ಆದರೆ ಒಂದು ಬಾಳೆಹಣ್ಣನ್ನು ಎಲ್ಲೆಲ್ಲಿ ಕೊಯ್ದರೂ ಅದು ಒಂದೇ ಬಾಳೆಹಣ್ಣು ಅಂತ ಒಂದನೇ ಕ್ಲಾಸಿನ ಮಗುವೂ ಹೇಳುತ್ತೆ, ಅಲ್ವಾ?

ಪಠ್ಯಪುಸ್ತಕದ ವಿಷಯಕ್ಕೆ ನಾನು ಹೋಗೋದೇ ಇಲ್ಲ. ಸಾವರ್ಕರರನ್ನು ರೆಕ್ಕೆ ಮೇಲೆ ಕೂರಿಸಿಕೊಂಡು ಜೈಲಿನಿಂದ ಹಾರುತ್ತಿತ್ತು ಅಂತ 2022ರಲ್ಲಿ ಗಲಾಟೆ ಎಬ್ಬಿಸಿದ ಪಾಠದ ಬುಲ್‌ಬುಲ್ ಹಕ್ಕಿ ಹಾರಿಹೋಗಿ ಎಷ್ಟೋ ದಿನ ಆಯ್ತು. ಸರ್ಕಾರ ಬದಲಾದರೆ ಸಮಿತಿ ಬದಲು, ಸಮಿತಿ ಬದಲಾದರೆ ಪಾಠ ಬದಲು. 2023ರಲ್ಲಂತೂ ಪುಸ್ತಕ ಮಕ್ಕಳ ಬ್ಯಾಗು ಸೇರಿದ ಮೇಲೆ ಇದು ಬಿಡಿ, ಅದು ಸೇರಿಸಿ ಅಂತ ಹೇಳಿಕಳಿಸಿದರು. ಮಕ್ಕಳಿಗೇನೂ ಬೇಜಾರಿಲ್ಲ ಬಿಡಿ, ಒಂದು ಪಾಠ ಕಡಿಮೆಯಾದರೆ ಖುಷಿಯೇ.

ಆದರೆ 2024ರ ಮಾರ್ಚ್ ತಿಂಗಳನ್ನು ಮರೆಯೋದು ಕಷ್ಟ. 5, 8, 9 ಮತ್ತು 11ನೇ ತರಗತಿಗೆ ಬೋರ್ಡ್ ಪರೀಕ್ಷೆ ಅಂದರು. ಹೆಸರು ಮಾತ್ರ ಮೌಲ್ಯಾಂಕನ. ಹೈಕೋರ್ಟಿನ ಏಕಸದಸ್ಯ ಪೀಠ ಬೇಡ ಅಂದಿತು, ಮಾರನೇ ದಿನ ವಿಭಾಗೀಯ ಪೀಠ ನಡೆಯಲಿ ಅಂದಿತು. 11ಕ್ಕೆ ಶುರುವಾಯ್ತು, 12ಕ್ಕೆ ಸುಪ್ರೀಂ ಕೋರ್ಟ್ ನಿಲ್ಲಿಸಿತು. 22ಕ್ಕೆ ಹೈಕೋರ್ಟ್ ಮತ್ತೆ ಸರಿ ಅಂದಿತು, 25ಕ್ಕೆ ಉಳಿದ ಪೇಪರ್ ಬರೆಸಿದರು. ಏಪ್ರಿಲ್ 8ಕ್ಕೆ ಸುಪ್ರೀಂ ಕೋರ್ಟ್ ರಿಸಲ್ಟಿಗೆ ತಡೆ ಕೊಟ್ಟಿತು. ನಮ್ಮ ಬೀದಿಯ ಐದನೇ ಕ್ಲಾಸಿನ ಹುಡುಗಿಯನ್ನು ಆಗ ಪರೀಕ್ಷೆ ಹೇಗೆ ಬರೆದೆ ಪುಟ್ಟಿ ಅಂತ ಕೇಳಿದ್ದಕ್ಕೆ "ಸ್ಟೇ ಇದೆ ಅಂಕಲ್" ಅಂದಳು. ಹತ್ತು ವರ್ಷದ ಮಗು. ಭಿನ್ನರಾಶಿ ಬರುತ್ತೋ ಇಲ್ಲವೋ, ತಡೆಯಾಜ್ಞೆ ಬರುತ್ತೆ.

ಅದೇ ವರ್ಷ ದೊಡ್ಡವರ ಪರೀಕ್ಷೆಯೂ ಆಯ್ತು. ಸರ್ಕಾರಿ ಹುದ್ದೆಗೆ ಜನರನ್ನು ಆರಿಸುವ ಕೆಪಿಎಸ್‌ಸಿಯ ಪ್ರಶ್ನೆಪತ್ರಿಕೆಯ ಕನ್ನಡ ನೋಡಿ ಕನ್ನಡದಲ್ಲಿ ಬರೆಯುವವರು ತಲೆ ಚಚ್ಚಿಕೊಂಡರು. ಆಗಸ್ಟಿನಲ್ಲಿ ಆ ಅವಾಂತರ, ಡಿಸೆಂಬರಿನ ಮರುಪರೀಕ್ಷೆಯಲ್ಲೂ ಅದೇ ರಾಗ. ಆ ಕನ್ನಡವನ್ನು ನಮ್ಮ ಹಳೇ ಕನ್ನಡ ಪಂಡಿತರಿಗೆ ಕೊಟ್ಟಿದ್ದರೆ 125ಕ್ಕೆ 30 ಕೂಡ ಬೀಳ್ತಿರಲಿಲ್ಲ. ಅದಕ್ಕೂ ಒಂದು ಪರೀಕ್ಷೆ-3 ಇಡಬಹುದಿತ್ತೇನೋ. ಸಪ್ಲಿಮೆಂಟರಿ ಅನ್ನುವ ಪದವನ್ನು ನಾವು ಅಳಿಸಿಬಿಟ್ಟಿದ್ದೇವೆ ನೋಡಿ, 2024ರಲ್ಲಿ ಪರೀಕ್ಷೆ-1, 2, 3 ಅಂತ ಮಾಡಿದರು. ಇದನ್ನು ಮಾತ್ರ ನಾನು ತಮಾಷೆ ಮಾಡಲ್ಲ. ಒಂದು ಮಾರ್ಚಿನಲ್ಲಿ ಜಾರಿದ ಮಗುವಿಗೆ ಎರಡು ಅವಕಾಶ ಇರೋದು ಒಳ್ಳೆಯದೇ. ಅಟ್ಟಕ್ಕೆ ವಾಪಸ್ ಹಾಕಿದ ಹಾಗೆ.

ಆದರೆ ಅಟ್ಟದಲ್ಲಿ ಗಾಳಿ ಆಡಬೇಕಲ್ಲ. ಭಾವನ ಊರಿನ ಶಾಲೆಯಲ್ಲಿ ಒಂದರಿಂದ ಐದನೇ ಕ್ಲಾಸಿಗೆ ಒಬ್ಬರೇ ಮೇಡಂ. ಅವರು ಬೆಳಗ್ಗೆ ಮೊಟ್ಟೆ ಎಣಿಸಬೇಕು, ಬಾಳೆಹಣ್ಣು ಎಷ್ಟು ಅಂತ ಬರೆಯಬೇಕು, ಆಪ್‌ನಲ್ಲಿ ಹಾಜರಾತಿ ಹಾಕಬೇಕು, ನೆಟ್‌ವರ್ಕ್ ಸಿಗದಿದ್ದರೆ ಅರಳಿಕಟ್ಟೆ ಹತ್ತಬೇಕು. 2025ರ ದಸರಾ ರಜೆ ಮುಗಿಯುವ ಹೊತ್ತಿಗೆ ಜಾತಿ ಸಮೀಕ್ಷೆ ಮುಗಿಯಲಿಲ್ಲ ಅಂತ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆದರು. ಆ ಮೇಡಂ ಸಮೀಕ್ಷೆಗೆ ಅಂತ ಮೀಟರ್ ರೀಡರುಗಳು ಮನೆ ಮನೆಗೆ ಅಂಟಿಸಿದ ಸ್ಟಿಕ್ಕರ್ ಹುಡುಕುತ್ತಾ ಬೀದಿ ಬೀದಿ ತಿರುಗಿದರು. ಅತಿಥಿ ಶಿಕ್ಷಕರಿಗೆ 2025ರಲ್ಲಿ 12 ಸಾವಿರ ಚಿಲ್ಲರೆ ಗೌರವಧನ ಇತ್ತು, ಅದೂ ತಿಂಗಳು ತಿಂಗಳು ಕೈಗೆ ಬಂದರೆ ಅದೃಷ್ಟ. ಮೂರನೇ ಕ್ಲಾಸಿನಲ್ಲಿ ಒಂದು ಸಾಲು ಓದೋಕೆ ತಡವರಿಸುವ ಮಗುವನ್ನು ನಾಲ್ಕಕ್ಕೆ ತಳ್ಳಿ, ಐದಕ್ಕೆ ತಳ್ಳಿ, ಹತ್ತನೇ ಕ್ಲಾಸಿಗೆ ತಂದು ನಿಲ್ಲಿಸಿ, ಅಲ್ಲಿ ಕೂತು 35 ಇರಲೋ 33 ಇರಲೋ ಅಂತ ಮೀಟಿಂಗ್ ಮಾಡ್ತಾರೆ. ನನಗೆ ಇದರ ಬಗ್ಗೆ ನಗಿಸೋಕೆ ಆಗ್ತಿಲ್ಲ, ಕ್ಷಮಿಸಿ. ಸಾಕಾಗಿದೆ.

ಭಾವ ಮತ್ತೆ ಫೋನ್ ಮಾಡಿದರು. ಮೊಮ್ಮಗನ ವಿಷಯ. ಅವನು ಹುಟ್ಟಿದ್ದು 2019ರ ಆಗಸ್ಟಿನಲ್ಲಿ. ಒಂದನೇ ಕ್ಲಾಸಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಲೇಬೇಕು ಅಂತ ಕಟ್ಟುನಿಟ್ಟು ರೂಲು ಇತ್ತಲ್ಲ, ಅದಕ್ಕೇ ಅವರ ಶಾಲೆಯವರು ಯುಕೆಜಿಗೇ ಇನ್ನೊಂದು ವರ್ಷದ ಫೀಸು ಕಟ್ಟಿಸಿಕೊಂಡಿದ್ದರು. ಕಟ್ಟಿ ರಸೀದಿ ತಗೊಂಡ ಮೇಲೆ, 2025ರ ಏಪ್ರಿಲಿನಲ್ಲಿ, ಆ ವರ್ಷಕ್ಕೆ ಮಾತ್ರ ಐದು ವರ್ಷ ಐದು ತಿಂಗಳು ಸಾಕು ಅಂತ ಸಡಿಲಿಕೆ ಬಂತು. ಫೀಸು ವಾಪಸ್ ಇಲ್ಲ, ಒಂದನೇ ಕ್ಲಾಸಿನಲ್ಲಿ ಸೀಟು ಖಾಲಿ ಇಲ್ಲ. ಹುಡುಗ ಈಗ ಎರಡನೇ ಸಲ ಯುಕೆಜಿಯಲ್ಲಿ ಕೂತು ಅದೇ ಎ ಫಾರ್ ಆಪಲ್ ತಿದ್ದುತ್ತಿದ್ದಾನೆ, ಕ್ಲಾಸ್ ಮಾನಿಟರ್ ಬೇರೆ ಆಗಿದ್ದಾನಂತೆ, ಅನುಭವಸ್ಥ ಅಂತ.

"ನಾನಾದರೂ ಎಸ್ಸೆಸ್ಸೆಲ್ಸಿವರೆಗೂ ಹೋಗಿ ಫೇಲಾದೆ ಕಣೋ" ಅಂದರು ಭಾವ. "ಇವನನ್ನು ಯುಕೆಜಿಯಲ್ಲೇ ಮಾಡಿಬಿಟ್ಟರು. ಇರಲಿ ಬಿಡು, ಆ ನನ್ನ ವಿಷಯ ಏನಾಯ್ತು? ಯಾರನ್ನಾದರೂ ಕೇಳಿದೆಯಾ?"